ಕೊಪ್ಪಳದಲ್ಲಿ ಒಂದು ದಿನ

ಹುಬ್ಬಳ್ಳಿ ಕಡೆಯಿಂದ ಹಂಪಿಗೆ ಹೊರಟವರು ಕೊಪ್ಪಳದಲ್ಲಿ ಚಹಾ ಕುಡಿದು ಮುಂದೆ ಸಾಗುವುದೇ ಹೆಚ್ಚು. ಊರಿನವರಿಗೆ ಅದೇ ಬೇಸರ. ‘ಪರೀಕ್ಷೆಗಂತ ಅಶೋಕನ್ನ ಬಾಯಿಪಾಠ ಮಾಡ್ತಾರ. ಅವನ ಶಾಸನ ಇಲ್ಲೇ ಐತಿ, ಹೊಳ್ಳಿ ನೋಡಂಗಿಲ್ಲ’ ಎನ್ನುತ್ತಾರೆ.

ಒಂದೇ ದಿನವಿದ್ದರೆ ಅವರ ಸಲಹೆ ಇಷ್ಟು: ಬಿಸಿಲೇರುವ ಮುನ್ನ ಗವಿಮಠದ ಗುಡ್ಡ ಹತ್ತಬೇಕು. ಚಾಚಿದ ಬಂಡೆಯ ನೆರಳಲ್ಲಿ, 1931ರಲ್ಲಿ ಬೆಳಕಿಗೆ ಬಂದ ಬ್ರಾಹ್ಮೀ ಲಿಪಿಯ ಶಾಸನವಿದೆ; ಎರಡು ಸಾವಿರದ ಇನ್ನೂರಕ್ಕೂ ಹೆಚ್ಚು ವರ್ಷ ಹಳೆಯದು. ‘ಕವಿರಾಜಮಾರ್ಗ’ ತಿರುಳ್ಗನ್ನಡದ ನಾಡನ್ನು ಗುರುತಿಸುವಾಗ ಹೆಸರಿಸಿದ ಕೊಪಣನಗರವೂ ಇದೇ.

ಗುಡ್ಡ ಇಳಿದಾಗ ಹಸಿವು ತಾನೇ ಖಾನಾವಳಿ ಹುಡುಕುತ್ತದೆ. ಜೋಳದ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಚಟ್ನಿ. ಖಾರ ಒಗ್ಗದ ಮಕ್ಕಳಿಗೆ ಮೊಸರು.

ಮಧ್ಯಾಹ್ನಕ್ಕೆ ಹತ್ತಿರದ ಕಿನ್ನಾಳ. ಹಗುರ ಮರದಲ್ಲಿ ಗೊಂಬೆ ಕೆತ್ತಿ ಬಣ್ಣ ಹಚ್ಚುವ ಚಿತ್ರಗಾರ ಮನೆತನಗಳ ಊರು. ಇಲ್ಲಿ ಚೌಕಾಸಿ ಬೇಡ. ಗೊಂಬೆ ಕೊಳ್ಳುವವರಿದ್ದರೆ ಮಾತ್ರ ಮುಂದಿನ ತಲೆಮಾರು ಉಳಿ ಹಿಡಿಯುತ್ತದೆ.

1112ರ ಇಟಗಿ ಮಹಾದೇವ ದೇವಾಲಯ, ಗಂಗಾವತಿ ಕಡೆಯ ಆನೆಗೊಂದಿ, ಹಿರೇಬೆಣಕಲ್‌ನ ಕಬ್ಬಿಣಯುಗದ ಕಲ್ಮನೆಗಳು ಇನ್ನೊಂದು ಸಲಕ್ಕಿರಲಿ. ಸಂಜೆ ರೈಲಿಗೆ ಮುನ್ನ ಬಿಸಿ ಮಿರ್ಚಿ, ಮಂಡಕ್ಕಿ ಸಾಕು. ‘ಅವಸರದಾಗ ಎಲ್ಲಾ ನೋಡಿದವರಿಗೆ ಏನೂ ಕಾಣಂಗಿಲ್ಲ’ ಎಂಬುದು ಊರಿನವರ ಕೊನೆಯ ಮಾತು.