ಯಂತ್ರ ಹಿಡಿದ ಚುಕ್ಕಾಣಿ

ಮಕ್ಕಳೇ, ಉದ್ದನೆಯ ಕೋಲನ್ನು ಅಂಗೈ ಮೇಲೆ ನೆಟ್ಟಗೆ ನಿಲ್ಲಿಸುವ ಆಟ ಆಡಿದ್ದೀರಾ? ಇಲ್ಲವಾದರೆ ಈಗಲೇ ಆಡಿ ನೋಡಿ. ಕೋಲು ಎಷ್ಟು ವಾಲಿದೆ ಎಂಬುದನ್ನಷ್ಟೇ ನೋಡಿದರೆ ಸಾಲದು, ಎಷ್ಟು ಬೇಗ ವಾಲುತ್ತಿದೆ ಎಂಬುದನ್ನೂ ಗಮನಿಸಬೇಕು. ಶಾಲೆಗಳಿಗೆ ಹೋದಾಗ ನಾನು ಹಡಗಿನ ಆಟೋಪೈಲಟ್ ಬಗ್ಗೆ ಹೇಳಲು ಈ ಕೋಲನ್ನೇ ಹಿಡಿಯುತ್ತೇನೆ.

ಹಡಗಿನ ಹಿಂಭಾಗದಲ್ಲಿ, ನೀರಿನೊಳಗೆ, ಬಾಗಿಲಿನಂತೆ ತಿರುಗುವ ಹಲಗೆಯೇ ಚುಕ್ಕಾಣಿ. ಅದನ್ನು ಬಲಕ್ಕೆ ತಿರುಗಿಸಿದರೆ ಮುಂದೆ ಸಾಗುತ್ತಿರುವ ಹಡಗು ಬಲಕ್ಕೆ ತಿರುಗುತ್ತದೆ. ದಿಕ್ಸೂಚಿಯಲ್ಲಿ ಉತ್ತರ ಎಂದರೆ 0 ಡಿಗ್ರಿ, ಪೂರ್ವ 90, ದಕ್ಷಿಣ 180, ಪಶ್ಚಿಮ 270. ನಾವಿಕನು ಆಟೋಪೈಲಟ್‌ಗೆ 90 ಎಂದು ತಿಳಿಸಿದ್ದಾನೆ ಎನ್ನೋಣ. ಅಲೆಯ ಹೊಡೆತಕ್ಕೆ ಹಡಗು 95ಕ್ಕೆ ತಿರುಗಿತು. ಯಂತ್ರವು ದಿಕ್ಸೂಚಿಯಿಂದ ಇದನ್ನು ತಿಳಿದು, ಮೋಟಾರಿನ ಸಹಾಯದಿಂದ ಚುಕ್ಕಾಣಿಯನ್ನು ಎಡಕ್ಕೆ ತಿರುಗಿಸುತ್ತದೆ.

ಕಷ್ಟ ಇರುವುದು ಮುಂದೆ. ತಿರುಗತೊಡಗಿದ ಹಡಗು ಥಟ್ಟನೆ ನಿಲ್ಲುವುದಿಲ್ಲ. 90 ಬಂದ ಮೇಲೆ ಚುಕ್ಕಾಣಿಯನ್ನು ನೇರ ಮಾಡಿದರೆ ಹಡಗು 90ನ್ನು ದಾಟಿ ಆಚೆಗೂ ಹೋಗುತ್ತದೆ. ಮತ್ತೆ ಬಲಕ್ಕೆ, ಮತ್ತೆ ಎಡಕ್ಕೆ. ಹೀಗೆ ಹಾವಿನಂತೆ ಹೊರಳುತ್ತಾ ಸಾಗುತ್ತದೆ!

ಅನುಭವಿ ನಾವಿಕರು ಹೀಗೆ ಮಾಡುವುದಿಲ್ಲವಲ್ಲ, ಏಕೆ? ರಷ್ಯಾದಲ್ಲಿ ಹುಟ್ಟಿ ಅಮೆರಿಕಕ್ಕೆ ಹೋದ ನಿಕೊಲಾಸ್ ಮಿನೊರ್ಸ್ಕಿ ಅವರು ಇದನ್ನೇ ಯೋಚಿಸಿದರು. ನಾವಿಕನು ದಿಕ್ಕು ಎಷ್ಟು ತಪ್ಪಿದೆ ಎಂದು ನೋಡುವುದರ ಜೊತೆಗೆ, ಹಡಗು ಎಷ್ಟು ವೇಗವಾಗಿ ತಿರುಗುತ್ತಿದೆ, ಗಾಳಿ ಬಹಳ ಹೊತ್ತಿನಿಂದ ಒಂದೇ ಕಡೆಗೆ ತಳ್ಳುತ್ತಿದೆಯೇ ಎಂಬುದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳುತ್ತಾನೆ. ಈ ಜಾಣತನವನ್ನು ಅವರು 1922ರಲ್ಲಿ ಗಣಿತದ ಸೂತ್ರವಾಗಿ ಬರೆದರು. ಮರುವರ್ಷ ‘ನ್ಯೂ ಮೆಕ್ಸಿಕೊ’ ಎಂಬ ಯುದ್ಧನೌಕೆಯಲ್ಲಿ ಪರೀಕ್ಷೆಯೂ ನಡೆಯಿತು. ನನಗಂತೂ ಇದು ಬಹಳ ಇಷ್ಟವಾದ ಕಥೆ. ಇಲ್ಲಿ ಯಂತ್ರಕ್ಕೆ ಮೇಷ್ಟ್ರು ಒಬ್ಬ ನಾವಿಕ!

ಈಗ 90ರಿಂದ 120ಕ್ಕೆ ದಿಕ್ಕು ಬದಲಿಸಬೇಕು. ಯಂತ್ರ ಚುಕ್ಕಾಣಿಯನ್ನು ಬಲಕ್ಕೆ ತಿರುಗಿಸುತ್ತದೆ. ಹಡಗು ವೇಗವಾಗಿ ತಿರುಗತೊಡಗುತ್ತದೆ. ಆದರೆ 120 ಬರುವ ಮೊದಲೇ ಯಂತ್ರ ಚುಕ್ಕಾಣಿಯನ್ನು ಎಡಕ್ಕೆ ತರುತ್ತದೆ! ಇದರಿಂದ ತಿರುಗುವ ವೇಗ ಇಳಿದು ಹಡಗು 120ರಲ್ಲಿ ನೆಲೆಗೊಳ್ಳುತ್ತದೆ. ನಿಮಗೊಂದು ಲೆಕ್ಕ: 350ರಿಂದ 20ಕ್ಕೆ ಹೋಗಲು ಯಾವ ಕಡೆ ತಿರುಗಿದರೆ ಹತ್ತಿರ?

ಆದರೆ ದಿಕ್ಕು ಕಾಯುವ ಈ ಯಂತ್ರಕ್ಕೆ ಎದುರಿನ ಬಂಡೆ ಕಾಣುವುದಿಲ್ಲ. ಅದನ್ನು ನೋಡಿ ಹಡಗನ್ನು ತಿರುಗಿಸಬೇಕಾದವರು ಮನುಷ್ಯರೇ. ಚುಕ್ಕಾಣಿ ಯಂತ್ರದ ವಶದಲ್ಲಿರಬೇಕೋ ಮನುಷ್ಯರ ಕೈಯಲ್ಲಿರಬೇಕೋ ಎಂಬುದನ್ನು ಒಂದು ಸನ್ನೆ ನಿರ್ಧರಿಸುತ್ತದೆ. 1967ರ ಮಾರ್ಚ್ 18ರಂದು ‘ಟೊರಿ ಕ್ಯಾನಿಯನ್’ ಎಂಬ ತೈಲ ಹಡಗು ಇಂಗ್ಲೆಂಡಿನ ನೈಋತ್ಯ ತುದಿಯ ಬಳಿ ಬಂಡೆಗಳತ್ತ ಸಾಗುತ್ತಿತ್ತು. ನಾವಿಕ ಚಕ್ರ ತಿರುಗಿಸಿದ. ಹಡಗು ತಿರುಗಲಿಲ್ಲ. ಸನ್ನೆ ಸರಿಯಾದ ಜಾಗದಲ್ಲಿ ಇರಲಿಲ್ಲ! ಅದನ್ನು ಕಂಡುಹಿಡಿದು ಸರಿಪಡಿಸುವ ವೇಳೆಗೆ ತಡವಾಗಿತ್ತು. ಹಡಗಿನಲ್ಲಿದ್ದ ಲಕ್ಷ ಟನ್ನಿಗೂ ಹೆಚ್ಚು ಕಚ್ಚಾ ತೈಲದಲ್ಲಿ ಬಹುಪಾಲು ಸಮುದ್ರ ಸೇರಿತು. ಸಾವಿರಾರು ಕಡಲಹಕ್ಕಿಗಳು ಸತ್ತವು.