ಗೇರ್ ಬೀಳದ ಗಾಡಿ

ಈ ಸಲ ಪಾಠ, ಪರೀಕ್ಷೆಗಳನ್ನು ಬದಿಗಿಟ್ಟು ನಮ್ಮ ಗಾಡಿಯ ಕಥೆ ಹೇಳುತ್ತೇವೆ.

ನಮ್ಮದು ಜತ್ತ ತಾಲೂಕಿನ ಒಂದು ಜಿಲ್ಲಾ ಪರಿಷತ್ ಕನ್ನಡ ಶಾಲೆ. ಶಿಕ್ಷಕರು ಮೂವರು. ನಮ್ಮಲ್ಲಿ ಹಿರಿಯರಾದ ಸರ್ ಅವರ ಎಡಗಾಲು ಚಿಕ್ಕಂದಿನಲ್ಲೇ ಪೋಲಿಯೋದಿಂದ ಸೋತಿದೆ. ಬಸ್ಸು ಹತ್ತಿ ಇಳಿಯುವುದು ಅವರಿಗೆ ಕಷ್ಟ, ಕ್ಲಚ್ ತುಳಿಯುವುದಂತೂ ಆಗದ ಮಾತು. ಅದಕ್ಕೇ 3 ವರ್ಷದ ಹಿಂದೆ ಮೂವರೂ ಪಾಲು ಹಾಕಿ ಆಟೋಮ್ಯಾಟಿಕ್ ಗಾಡಿಯೊಂದನ್ನು ಸೆಕೆಂಡ್ ಹ್ಯಾಂಡ್ ಕೊಂಡೆವು. ಓಡಿಸುವವರು ಅವರು, ಕೂಡುವವರು ನಾವು!

ಇದು ಎಎಂಟಿ ಗಾಡಿ. ನಮ್ಮ ದೇಶದ ಕಾರುಗಳಲ್ಲಿ ಈ ಪದ್ಧತಿ ಬಂದದ್ದು 2014ರಲ್ಲಿ. ಒಳಗಿನ ಗೇರ್ ಬಾಕ್ಸ್, ಕ್ಲಚ್ ಎಲ್ಲ ಮಾಮೂಲಿ ಗಾಡಿಯಂತೆಯೇ. ಆದರೆ ಕ್ಲಚ್ ಬಿಡಿಸಿ ಗೇರ್ ಹಾಕುವ ಕೆಲಸವನ್ನು ಒಂದು ಸಣ್ಣ ಕಂಪ್ಯೂಟರ್ ಹೇಳಿದಂತೆ ಯಂತ್ರವೇ ಮಾಡುತ್ತದೆ.

ಕಳೆದ ವರ್ಷ ದೀಪಾವಳಿ ರಜೆ ಮುಗಿದ ಮೇಲೆ ಗಾಡಿ ಹಟ ಹಿಡಿಯಿತು. ಲಿವರನ್ನು ಎನ್‌ನಿಂದ ಡಿಗೆ ತಂದರೆ ಎದುರಿನ ಫಲಕದಲ್ಲಿ ಎನ್ ಅಕ್ಷರವೇ ಮಿಣುಕುವುದು, ಬೀಪ್ ಎನ್ನುವುದು, ಗೇರ್ ಮಾತ್ರ ಬೀಳದು. ನಾಲ್ಕೈದು ಸಲ ಪೆಡಲ್ ತುಳಿದರೆ ಏನೂ ಆಗದವರ ಹಾಗೆ ಹೊರಡುವುದು. ಕೆಲವು ದಿನ ಇಂಜಿನ್ನೇ ಶುರುವಾಗದು. ಪಟ್ಟಣದ ಒಂದು ಗ್ಯಾರೇಜಿಗೆ ತೋರಿಸಿದೆವು. ಅವರು ಒಂದು ಸುತ್ತು ಓಡಿಸಿ ನೋಡಿ, ಗೇರ್ ಹಾಕುವ ಯಂತ್ರವೇ ಹೋಗಿದೆ, 60 ಸಾವಿರ ಆಗುತ್ತದೆ ಎಂದರು.

ಮರಳಿ ಬರುವಾಗ ಗಾಡಿಯಲ್ಲಿ ಯಾರೂ ಮಾತಾಡಲಿಲ್ಲ. ಕೊನೆಗೆ ಸರ್ ಅವರೇ, "ಮಾರಿಬಿಡೂಣ್ರಿ. ನಾ ನಮ್ಮೂರ ಕಡೆ ಬದಲಿ ಕೇಳತೀನಿ" ಎಂದರು. ಕನ್ನಡ ಶಿಕ್ಷಕರ ಜಾಗ ಒಮ್ಮೆ ಖಾಲಿಯಾದರೆ ತುಂಬುವುದು ಎಷ್ಟು ಕಷ್ಟವೆಂದು ಗಡಿಯಲ್ಲಿರುವ ನಿಮಗೆ ನಾವು ಹೇಳಬೇಕೆ? ಮೂವರಲ್ಲಿ ಗಣಿತ ಕಲಿಸುವವರು ಅವರೊಬ್ಬರೇ.

ಆ ಶನಿವಾರ ಶಾಲೆ ಬಿಟ್ಟಾಗ ಗಾಡಿ ಬೇವಿನ ಮರದ ಕೆಳಗೆ ಮತ್ತೆ ಮೊಂಡು ಹಿಡಿದಿತ್ತು. ಸರ್ ಬ್ರೇಕ್ ತುಳಿಯುತ್ತ ಬಿಡುತ್ತ ಇದ್ದರು, ನಾವು ಬಗ್ಗಿ ಫಲಕ ನೋಡುತ್ತಿದ್ದೆವು. ಹಿಂದೆ ನಿಂತಿದ್ದ ಐದನೆಯ ವರ್ಗದ ಹುಡುಗಿಯೊಬ್ಬಳು, "ಸರ್, ಹಿಂದಿನ ಕೆಂಪು ಲೈಟ್ ಹತ್ತವಲ್ಲವು. ಮುಂಜಾನೆ ಬಂದಾಗನೂ ಹತ್ತಲಿಲ್ಲ" ಎಂದಳು.

ಹಿಂದೆ ಹೋಗಿ ನೋಡಿದೆವು. ಬ್ರೇಕ್ ತುಳಿದರೂ ಒಂದು ದೀಪವೂ ಇಲ್ಲ. ಎಲ್ಲ ಬಲ್ಬೂ ಒಮ್ಮೆಲೇ ಹೋಗುವುದುಂಟೆ? ಫ್ಯೂಸ್ ತೆಗೆದು ನೋಡಿದೆವು, ಸರಿಯಿತ್ತು. ಸೋಮವಾರ ಜತ್ತದ ಆಟೋ ಎಲೆಕ್ಟ್ರಿಷಿಯನ್ ಒಬ್ಬರನ್ನು ಕರೆತಂದೆವು. ಅವರು ನೇರವಾಗಿ ಬ್ರೇಕ್ ಪೆಡಲಿನ ಮೇಲ್ಭಾಗಕ್ಕೆ ಕೈ ಹಾಕಿದರು. ಅಲ್ಲಿ ಹೆಬ್ಬೆರಳಷ್ಟು ದೊಡ್ಡ ಸ್ವಿಚ್ಚೊಂದಿದೆ. ಪೆಡಲ್ ತುಳಿದಾಗ ಹಿಂದಿನ ದೀಪ ಹತ್ತಿಸುವುದೂ ಅದೇ, ಕಾಲು ಬ್ರೇಕಿನ ಮೇಲಿದೆ ಎಂದು ಕಂಪ್ಯೂಟರಿಗೆ ತಿಳಿಸುವುದೂ ಅದೇ. ಆ ಸುದ್ದಿ ಬಾರದೆ ಗಾಡಿ ಗೇರಿಗೆ ಬೀಳುವುದಿಲ್ಲ. ನಿಂತ ಗಾಡಿ ತಾನಾಗಿ ನುಗ್ಗದಿರಲೆಂದು ಮಾಡಿದ ವ್ಯವಸ್ಥೆ ಅದು. ಸ್ವಿಚ್ಚಿನ ಒಳಗೆ ಸವೆದು, ಒಮ್ಮೆ ತಾಗುತ್ತಿತ್ತು, ಒಮ್ಮೆ ಇಲ್ಲ. ಸ್ವಿಚ್ಚು, ಕೂಲಿ ಸೇರಿ 450 ರೂಪಾಯಿ!

ಹೋಗುವಾಗ ಅವರು ಹೇಳಿದ ನಾಲ್ಕು ಮಾತು ನಿಮಗೂ ಬೇಕಾದೀತು. ಗೇರ್ ಬೀಳದಿದ್ದರೆ ಮೊದಲು ಬ್ರೇಕ್ ದೀಪ ನೋಡಿ, ಆಮೇಲೆ ಬ್ಯಾಟರಿ ನೋಡಿ. ಬ್ಯಾಟರಿ ಸೋತರೂ ಎಎಂಟಿ ಹೀಗೇ ಕಾಡುತ್ತದೆ. ಏರಿನಲ್ಲಿ ಆಕ್ಸಿಲರೇಟರ್ ಒತ್ತಿ ಗಾಡಿ ನಿಲ್ಲಿಸಬೇಡಿ, ಕ್ಲಚ್ ಸುಡುತ್ತದೆ. ಬ್ರೇಕ್ ಇರುವುದೇ ಅದಕ್ಕೆ. ಮುಂದೆ ಕ್ಲಚ್ ಬದಲಿಸಿದರೆ, ಹೊಸದು ಎಲ್ಲಿ ಹಿಡಿಯುತ್ತದೆಂದು ಕಂಪ್ಯೂಟರಿಗೆ ಮತ್ತೆ ಕಲಿಸಿಸಿ. ಇಲ್ಲದಿದ್ದರೆ ಗಾಡಿ ಜಗ್ಗುತ್ತದೆ. "ಅದಕ್ಕೂ ಪಾಠ ಬೇಕೇನ್ರಿ!" ಎಂದು ಸರ್ ನಕ್ಕರು. ಬಹಳ ದಿನದ ಮೇಲೆ ನಕ್ಕಿದ್ದರು.

ನಮಗೆ ಮಾತ್ರ ಎರಡು ವಿಷಯ ಮನಸ್ಸಿನಲ್ಲಿ ಉಳಿದವು. ಬ್ರೇಕ್ ದೀಪವಿಲ್ಲದ ಗಾಡಿಯಲ್ಲಿ ಅಷ್ಟು ದಿನ ಓಡಾಡಿದ್ದೆವಲ್ಲ, ಹಿಂದಿನಿಂದ ಲಾರಿ ಬಂದು ಗುದ್ದಿದ್ದರೆ? ಇನ್ನೊಂದು, ಕೆಟ್ಟದ್ದು ಗೇರ್ ಬಾಕ್ಸ್ ಆಗಿರಲಿಲ್ಲ, ಅದಕ್ಕೆ ಸುದ್ದಿ ಮುಟ್ಟುತ್ತಿರಲಿಲ್ಲ ಅಷ್ಟೇ. ನಮ್ಮ ವರ್ಗಗಳಲ್ಲಿ ಎಷ್ಟು ಮಕ್ಕಳ ಹೆಸರಿನ ಮುಂದೆ "ತಲೆಗೆ ಹತ್ತುವುದಿಲ್ಲ" ಎಂದು ಷರಾ ಬರೆದಿದ್ದೇವೆಯೋ!

ಸರ್ ಬದಲಿ ಅರ್ಜಿ ಬರೆಯಲಿಲ್ಲ. ಈಗ ದಿನಾ ಸಂಜೆ ಗಾಡಿ ಹೊರಡುವ ಮೊದಲು ಆ ಹುಡುಗಿ ಹಿಂದೆ ನಿಂತು "ಹತ್ತ್ಯಾವ್ರಿ ಸರ್" ಎಂದು ಕೂಗುತ್ತಾಳೆ. ಆಮೇಲೆಯೇ ಸರ್ ಲಿವರ್ ಮುಟ್ಟುವುದು.