ಕಾಲೇಜಿನ ವ್ಯಾಸಂಗವೂ ಮನಸ್ಸಿನ ಉತ್ಸಾಹವೂ

ನಮ್ಮ ಶಾಲೆಯನ್ನು ಮುಗಿಸಿದ ಹುಡುಗಿಯರಲ್ಲಿ ಅನೇಕರು ಈಗ ಕಾಲೇಜನ್ನು ಸೇರುತ್ತಾರೆ. ಇದು ಸಂತೋಷದ ಸಂಗತಿಯೇ ಸರಿ. ಆದರೆ ಇಲ್ಲಿ ಜಾಣೆಯೆನಿಸಿಕೊಂಡವಳು ಅಲ್ಲಿ ಮೊದಲನೆಯ ಪರೀಕ್ಷೆಯಲ್ಲಿಯೇ ಎಡವಿ, “ಓದಿದ್ದು ನಿಲ್ಲುವುದಿಲ್ಲ, ಓದಲು ಮನಸ್ಸೂ ಬರುವುದಿಲ್ಲ” ಎಂದು ಕೈಚೆಲ್ಲಿ ಕುಳಿತುಕೊಳ್ಳುವುದೂ ಉಂಟು. ನಾನು ಈ ಶಾಲೆಯಲ್ಲಿ ಕಲಿತು, ಬಳಿಕ ಬಹು ವರ್ಷ ಒಂದು ಕಾಲೇಜಿನಲ್ಲಿ ಅಧ್ಯಾಪಿಕೆಯಾಗಿಯೂ ಅದರ ವಿದ್ಯಾರ್ಥಿನೀ ನಿಲಯದ ಮೇಲ್ವಿಚಾರಕಳಾಗಿಯೂ ಇದ್ದವಳು. ಅಲ್ಲಿ ಕಂಡದ್ದನ್ನೂ ಮನಶ್ಶಾಸ್ತ್ರಜ್ಞರಿಂದ ತಿಳಿದದ್ದನ್ನೂ ಕೂಡಿಸಿ, ತಂದೆತಾಯಿಗಳಿಗೂ ಹಳೆಯ ವಿದ್ಯಾರ್ಥಿನಿಯರಾದ ಸಹೋದರಿಯರಿಗೂ ಕೆಲವು ಮಾತುಗಳನ್ನು ಅರಿಕೆ ಮಾಡಿಕೊಳ್ಳುತ್ತೇನೆ.

ಹೈಸ್ಕೂಲಿಗೂ ಕಾಲೇಜಿಗೂ ಇರುವ ದೊಡ್ಡ ಭೇದವು ಪಾಠದ ಕಠಿನತೆಯೊಂದೇ ಅಲ್ಲ. ಇಲ್ಲಿ ನಮ್ಮ ಉಪಾಧ್ಯಾಯಿನಿಯರು ಬೆಳಿಗ್ಗೆ ಬಂದೊಡನೆ ಪುಸ್ತಕಗಳನ್ನು ಮುಚ್ಚಿಸಿ, ನಿನ್ನೆಯ ಪಾಠವನ್ನು ಕೇಳುತ್ತಿದ್ದರು. ಆಗ ಅದು ಕಾಟವೆಂದೇ ತೋರುತ್ತಿತ್ತು. ಕಾಲೇಜಿನಲ್ಲಿಯಾದರೋ ವಾರಗಟ್ಟಲೆ ಯಾರೂ ಕೇಳುವವರಿಲ್ಲ. ಎಷ್ಟೋ ಸಲ ಪ್ರಶ್ನಪತ್ರಿಕೆಯೇ ಮೊದಲ ಬಾರಿಗೆ ಕೇಳುತ್ತದೆ. ಪರೀಕ್ಷೆಯ ಹಿಂದಿನ ರಾತ್ರಿ ನಿಲಯದ ಕೊಠಡಿಗಳಲ್ಲಿ ದೀಪ ಆರುತ್ತಿರಲಿಲ್ಲ. ಸಾಲುಸಾಲಿಗೂ ಬಣ್ಣದ ಗೆರೆಯನ್ನೆಳೆದ ಪುಸ್ತಕವನ್ನು ನಾಲ್ಕನೆಯ ಸಲ, ಐದನೆಯ ಸಲ ಓದುತ್ತಿದ್ದರು. ಮರುದಿನ ಕಣ್ಣೀರಿಡುತ್ತ ಬಂದು, “ಎಲ್ಲಾ ಗೊತ್ತಿತ್ತು, ಬರೆಯುವಾಗ ಬರಲಿಲ್ಲ” ಎನ್ನುತ್ತಿದ್ದರು. ಅವರು ಸುಳ್ಳಾಡುತ್ತಿರಲಿಲ್ಲ. ಜಾತ್ರೆಯಲ್ಲಿ ಎದುರಾದವರ ಮುಖ ಪರಿಚಿತವಾಗಿದ್ದರೂ ಹೆಸರು ನಾಲಗೆಗೆ ಬಾರದಿರುವುದುಂಟಷ್ಟೆ. ಪುಟಗಳ ಮುಖಪರಿಚಯವನ್ನೇ ಅವರು ವಿದ್ಯೆಯೆಂದು ಭಾವಿಸಿದ್ದರು.

ಮರೆವಿನ ಸ್ವಭಾವವನ್ನು ಪ್ರಯೋಗದಿಂದ ಅಳೆದು ತೋರಿಸಿದವನು ಜರ್ಮನಿಯ ಹರ್ಮನ್ ಎಬ್ಬಿಂಗ್‌ಹೌಸ್ ಎಂಬ ಪಂಡಿತನು. ಅರ್ಥವಿಲ್ಲದ ಅಕ್ಷರಗುಚ್ಛಗಳನ್ನು ತಾನೇ ಬಾಯಿಪಾಠ ಮಾಡಿ, ಕೆಲವು ಕಾಲ ಕಳೆದ ಮೇಲೆ ಅವನ್ನು ಪುನಃ ಕಲಿಯುವುದರಲ್ಲಿ ಎಷ್ಟು ಶ್ರಮ ಉಳಿಯಿತೆಂದು ಲೆಕ್ಕವಿಟ್ಟು, 1885ರಲ್ಲಿ ಅದನ್ನು ಪ್ರಕಟಿಸಿದನು. ಒಂದು ದಿನದ ಬಳಿಕ ಉಳಿತಾಯವು ಸುಮಾರು ಮೂರರಲ್ಲಿ ಒಂದು ಪಾಲು. ಒಂದು ತಿಂಗಳ ಬಳಿಕ ಸುಮಾರು ಐದರಲ್ಲಿ ಒಂದು ಪಾಲು. ಎಂದರೆ ಮರೆವು ಮೊದಲನೆಯ ದಿನವೇ ಬಹುಭಾಗವನ್ನು ನುಂಗಿ, ಆಮೇಲೆ ಮೆಲ್ಲಮೆಲ್ಲನೆ ಮೇಯುತ್ತದೆ. ಇನ್ನೊಂದು ಪ್ರಯೋಗದಲ್ಲಿ, ಒಂದೇ ದಿನ 68 ಸಲ ಓದಿದ್ದರ ಫಲವು, ಮೂರು ದಿನಗಳಿಗೆ ಹಂಚಿ 38 ಸಲ ಓದಿದ್ದರಿಂದಲೇ ದೊರಕಿತು. ಒಮ್ಮೆಲೇ ಸುರಿದ ಮಳೆಯು ಹರಿದುಹೋಗುತ್ತದೆ; ಬಿಟ್ಟು ಬಿಟ್ಟು ಬಂದ ಮಳೆಯು ನೆಲಕ್ಕಿಳಿಯುತ್ತದೆ.

2006ರಲ್ಲಿ ಅಮೆರಿಕೆಯ ಹೆನ್ರಿ ರೋಡಿಗರ್ ಮತ್ತು ಜೆಫ್ರಿ ಕಾರ್ಪಿಕಿ ಎಂಬ ಮನಶ್ಶಾಸ್ತ್ರಜ್ಞರು ಕಾಲೇಜು ವಿದ್ಯಾರ್ಥಿಗಳಿಗೆ ಒಂದು ಗದ್ಯಭಾಗವನ್ನು ಕೊಟ್ಟರು. ಒಂದು ಗುಂಪಿನವರು ನಾಲ್ಕು ಅವಧಿಗಳಲ್ಲಿಯೂ ಅದನ್ನು ಓದಿದರು. ಮತ್ತೊಂದು ಗುಂಪಿನವರು ಒಂದು ಅವಧಿಯಲ್ಲಿ ಓದಿ, ಉಳಿದ ಮೂರರಲ್ಲಿ ನೋಡದೆ ನೆನಪಿನಿಂದ ಬರೆದರು. ಐದು ನಿಮಿಷಗಳ ಬಳಿಕ ಓದಿದವರೇ ಮೇಲಾಗಿದ್ದರು. ಅವರಿಗೆ ನೂರಕ್ಕೆ 83 ಪಾಲು, ಬರೆದವರಿಗೆ 71 ಪಾಲು ನೆನಪಿತ್ತು. ಆದರೆ ಒಂದು ವಾರದ ಬಳಿಕ ಓದಿದವರು 40ಕ್ಕೆ ಇಳಿದರು, ಬರೆದವರು 61ರಲ್ಲಿ ನಿಂತರು. ತಮಗೆ ಬಹಳ ನೆನಪಿರುವುದೆಂದು ಮೊದಲು ಹೆಚ್ಚಾಗಿ ನಂಬಿದ್ದವರು ಬರಿದೆ ಓದಿದವರೇ! ಸುಲಭವೆಂದು ತೋರುವ ಓದು ಹೀಗೆ ಮೋಸಗೊಳಿಸುತ್ತದೆ. ತಡವರಿಸಿ ನೆನಪಿಗೆ ತಂದುಕೊಂಡದ್ದು ನಿಲ್ಲುತ್ತದೆ.

ಇನ್ನು ಉತ್ಸಾಹದ ವಿಷಯ. ಹಳ್ಳಿಯಿಂದ ಬಂದ ಒಬ್ಬ ಹುಡುಗಿ ನಮ್ಮ ನಿಲಯದಲ್ಲಿದ್ದಳು. ಅವಳ ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವರಲ್ಲಿ ಅವಳೇ ಮೊದಲಿನವಳು. ಪ್ರಥಮ ದರ್ಜೆ ಬಂದರೆ ಚಿನ್ನದ ಸರ, ಬಾರದಿದ್ದರೆ ಓದು ಬಿಡಿಸಿ ಮದುವೆ ಎಂದು ತಂದೆ ಹೇಳಿ ಕಳುಹಿಸಿದ್ದರು. ಅವಳು ಹಗಲಿರುಳು ಪುಸ್ತಕ ಹಿಡಿದಿದ್ದರೂ ಮೊದಲನೆಯ ಸೆಮಿಸ್ಟರಿನಲ್ಲಿ ಮೂರು ವಿಷಯಗಳಲ್ಲಿ ತೇರ್ಗಡೆಯಾಗಲಿಲ್ಲ. ತಂದೆ ಬಂದು, “ಅಮ್ಮಾ, ಇವಳ ತಲೆಗೆ ವಿದ್ಯೆ ಹತ್ತಲಿಲ್ಲ. ಊರಿಗೆ ಕರೆದುಕೊಂಡು ಹೋಗುತ್ತೇನೆ” ಎಂದರು. ನಾನು ಆರು ತಿಂಗಳ ಅವಕಾಶವನ್ನು ಬೇಡಿದೆನು. ಅವರು ಬಹಳ ಹೊತ್ತು ಸುಮ್ಮನಿದ್ದು, “ಆಗಲಿ, ಇದೊಂದು ಸಲ” ಎಂದರು.

ಆಸೆ ಹೆದರಿಕೆಗಳು ಓದಿಗೆ ಕೂರಿಸಬಲ್ಲವು. ಓದಿನಲ್ಲಿ ರುಚಿ ಹುಟ್ಟಿಸಲಾರವು. 1971ರಲ್ಲಿ ಎಡ್ವರ್ಡ್ ಡೆಸಿ ಎಂಬವರು ಪ್ರಕಟಿಸಿದ ಪ್ರಯೋಗವೊಂದರಲ್ಲಿ, ಕಾಲೇಜು ವಿದ್ಯಾರ್ಥಿಗಳು ತುಂಡುಗಳನ್ನು ಜೋಡಿಸುವ ಒಗಟನ್ನು ಬಿಡಿಸಬೇಕಾಗಿತ್ತು. ಕೆಲವರಿಗೆ ಬಿಡಿಸಿದ ಒಂದೊಂದಕ್ಕೂ ಒಂದು ಡಾಲರು ಕೊಟ್ಟರು. ಮುಂದೆ ಹಣವನ್ನು ನಿಲ್ಲಿಸಿದಾಗ, ಅವರು ಬಿಡುವಿನ ವೇಳೆಯಲ್ಲಿ ಆ ಒಗಟಿನ ಮೇಲೆ ಮೊದಲಿಗಿಂತ ಕಡಿಮೆ ಹೊತ್ತು ಕಳೆದರು. ಆಟವಾಗಿದ್ದುದು ಕೂಲಿಯಾಗಿ ಹೋಯಿತು. ಡೆಸಿಯವರೂ ರಿಚರ್ಡ್ ರಯನ್ ಅವರೂ ಮುಂದೆ ಪ್ರತಿಪಾದಿಸಿದಂತೆ, ಒಳಗಿನ ಉತ್ಸಾಹಕ್ಕೆ ಮೂರು ಆಹಾರಗಳು ಬೇಕು: ತಾನೇ ಆರಿಸಿಕೊಂಡೆನೆಂಬ ಸ್ವಾತಂತ್ರ್ಯ, ನನ್ನಿಂದಾಗುತ್ತದೆಂಬ ಅನುಭವ, ತನ್ನವರೊಡನೆ ಬಾಂಧವ್ಯ.

ಆದಕಾರಣ ಆ ಹುಡುಗಿಯ ದಿನಚರಿಯನ್ನು ಅವಳಿಂದಲೇ ಬರೆಯಿಸಿದೆನು. ಪಾಠವಾದ ದಿನ ಸಂಜೆ ಪುಸ್ತಕ ಮುಚ್ಚಿ ನೆನಪಿದ್ದಷ್ಟನ್ನು ಬರೆಯುವುದು. ತೆರೆದು ನೋಡಿ, ಬಿಟ್ಟುಹೋದುದನ್ನು ಮಾತ್ರ ತಿದ್ದುವುದು. ಮೂರನೆಯ ದಿನವೂ ಮುಂದಿನ ವಾರವೂ ಮತ್ತೆ ಹೀಗೆಯೇ. ರಾತ್ರಿ ಹತ್ತೂವರೆಗೆ ನಿದ್ರೆ. ಮೊದಲ ವಾರ ಅರ್ಧ ಪುಟವೂ ತುಂಬದೆ ಅವಳು ಅತ್ತಳು. ಆದರೆ ತಿಂಗಳು ತುಂಬುವುದರೊಳಗೆ ಎರಡು ಪುಟ ತುಂಬುತ್ತಿತ್ತು. ತಾನು ಕಲಿಯುತ್ತಿರುವುದು ಅವಳ ಕಣ್ಣಿಗೇ ಕಾಣತೊಡಗಿತು. ಉತ್ಸಾಹ ಬಂದ ಮೇಲೆ ಓದೋಣವೆಂದು ಕಾಯುವವರು ಕಾಯುತ್ತಲೇ ಇರುತ್ತಾರೆ. ಕ್ರಮವರಿತ ಓದಿನ ಹಿಂದೆಯೇ ಉತ್ಸಾಹವು ಬರುವುದನ್ನು ನಾನು ಕಣ್ಣಾರೆ ಕಂಡೆನು.

ತಂದೆಗೂ ಒಂದು ಕೆಲಸವನ್ನು ಒಪ್ಪಿಸಿದ್ದೆನು. ಭಾನುವಾರ ಫೋನು ಮಾಡಿದಾಗ ಅಂಕಗಳ ಮಾತೆತ್ತದೆ, “ಈ ವಾರ ಏನು ಕಲಿತೆ, ಮಗಳೇ? ನನಗೂ ಹೇಳು” ಎನ್ನಬೇಕು. ಅವರಿಗೆ ಓದುಬರಹ ಬಾರದು. ಬೇರು ನೀರನ್ನು ಹೀರುವ ಬಗೆಯನ್ನು ಒಮ್ಮೆ ಅವಳು ವಿವರಿಸಿದಾಗ ಅವರು, “ಹಾಗಾದರೆ ಗದ್ದೆಯಲ್ಲಿ ನೀರು ನಿಂತರೂ ಪೈರು ಏಕೆ ಬಾಡುತ್ತದೆ?” ಎಂದು ಕೇಳಿದರಂತೆ. ಉತ್ತರ ತೋಚದೆ ಅವಳು ಮರುದಿನ ಬೆಳಿಗ್ಗೆ ನನ್ನ ಬಾಗಿಲಿಗೆ ಬಂದಳು. ಬೇರಿಗೂ ಗಾಳಿ ಬೇಕೆಂಬುದನ್ನು ಪುಸ್ತಕದಲ್ಲಿ ತಾನೇ ಹುಡುಕಿ, ಅಂದೇ ತಂದೆಗೆ ತಿಳಿಸಿದಳು. ಅವಳಿಗೆ ಆ ವರ್ಷ ಅವರಿಗಿಂತ ಉತ್ತಮ ಪರೀಕ್ಷಕರು ಸಿಕ್ಕಲಿಲ್ಲ. ಮುಂದಿನ ಪರೀಕ್ಷೆಯಲ್ಲಿ ಪ್ರಥಮ ದರ್ಜೆ ಬರಲಿಲ್ಲ. ಆದರೆ ಹಿಂದಿನ ಮೂರೂ ಸೇರಿ ಎಲ್ಲ ವಿಷಯಗಳಲ್ಲಿಯೂ ತೇರ್ಗಡೆಯಾದಳು. ಊರಿಗೆ ಕರೆದೊಯ್ಯುವ ಮಾತು ಮತ್ತೆ ಏಳಲಿಲ್ಲ.

ತಂದೆತಾಯಿಗಳೇ, ಎಡವಿದ ಮಗಳಲ್ಲಿ ಬುದ್ಧಿಯಿಲ್ಲವೆಂದು ತೀರ್ಮಾನಿಸುವ ಮೊದಲು ಅವಳು ಹೇಗೆ ಓದುತ್ತಾಳೆಂಬುದನ್ನು ವಿಚಾರಿಸಿರಿ. ಸಹೋದರಿಯರೇ, ನಿಮ್ಮ ನೆರೆಯಲ್ಲಿ ಕಾಲೇಜಿಗೆ ಹೋಗುವ ಹುಡುಗಿಯಿದ್ದರೆ ವಾರಕ್ಕೊಮ್ಮೆ ಅವಳನ್ನು ಕರೆದು, ಪುಸ್ತಕ ಮುಚ್ಚಿಸಿ, ಅವಳು ಹೇಳುವುದನ್ನು ಕೇಳಿರಿ. ಇದಕ್ಕೆ ಖರ್ಚಿಲ್ಲ, ಪಾಂಡಿತ್ಯವೂ ಬೇಡ. ಕೇಳುವ ತಾಳ್ಮೆಯೊಂದಿದ್ದರೆ ಸಾಕು.